ಗುಂಡಿ

ಕೌಲ್ ಬಜಾರಿನ ಓಣಿ, ಮ್ಯಾಲಿನ ಮಾಳಿಗಿ,
ಹನ್ನೆರಡು ಮಿಷಿನ್ನು, ಒಂದು ಫ್ಯಾನು,
ಈಗ ಒಂದು ನಾಯಿಮರಿ.

ಬಣ್ಣದ ನೀರು ನಿಂತ ಗುಂಡ್ಯಾಗ ಸಿಕ್ಕಿದ್ದು.
ಮುಂದಿನ ಎರಡು ಕಾಲು ನೀಲಿ, ಉಳಿದದ್ದೆಲ್ಲ ಕಂದು.
ಗುಂಡ್ಯಾಗ ಸಿಕ್ಕದ್ದಕ್ಕ ಗುಂಡಿ ಅಂದಳು ಮಾಬಮ್ಮ.
ನಾನು ಮೂಗು ನೋಡಿದೆ: ಕರೀದು, ದುಂಡಗ,
ಹೊಲಿಯಾಕ ನಾಕು ತೂತಿಲ್ಲ ಅಷ್ಟ.
ಹೆಸರು ಒಂದ, ಕಾರಣ ಎರಡು.

ಮೊದಲ ರಾತ್ರಿ ಪಾಕೀಟ ಹಾಲು ಇಟ್ಟಿದ್ದೆವು.
ಬೆಳಿಗ್ಗೆ ಕಟಿಂಗ್ ಟೇಬಲ್ಲಿನ ತೆಳಗ
ನಲವತ್ತು ಪ್ಯಾಂಟಿನ ಬಟ್ಟಿ ಮ್ಯಾಲೆ
ಹಾಲಿನ ಲೆಕ್ಕ ಬರೆದಿತ್ತು.
ಸೇಟು ಬೈದದ್ದು ನನಗ.

ದನದ ದವಾಖಾನಿ ಡಾಕ್ಟರು
ಯಾರದೋ ಎಮ್ಮಿ ಕಾಲಿಗೆ ಪಟ್ಟಿ ಸುತ್ತತಾ, ತಿರುಗಿ ನೋಡದ ಅಂದರು:
ಹಾಲು ಬ್ಯಾಡೋ. ಮೆತ್ತಗಿನ ಊಟ ಕೊಡು.
ದಿನಕ್ಕ ನಾಕು ಸಲ, ಹೊಟ್ಟಿ ಬಿರಿಯಂಗಲ್ಲ.
ಬಿಸಿ ಎಷ್ಟು ಅಂದ್ರ, ನಿನ್ನ ಮಣಿಕಟ್ಟು ತಡೀಬೇಕು.

ಅವತ್ತಿನಿಂದ ನನ್ನ ಟಿಫಿನ್ ಡಬ್ಬಿಗೆ ಎರಡನೇ ಅಂತಸ್ತು.
ಮುದ್ದಿಯಾಗಿ ಬೆಂದ ಅನ್ನ,
ಎಲುಬು ಆಯ್ದು ಹಿಂಜಿದ ಕೋಳಿ, ಕುದಿಸಿದ ಅರ್ಧ ತತ್ತಿ,
ಮ್ಯಾಲೆ ಕೋಳಿ ಬೆಂದ ನೀರು.
ಉಪ್ಪಿಲ್ಲ. ಉಳ್ಳಾಗಡ್ಡಿ ಇಲ್ಲ. ಖಾರ ಇಲ್ಲ.
ಬಳ್ಳಾರ್ಯಾಗ ಹುಟ್ಟಿ ಖಾರ ಕಾಣದ ನಾಲಿಗಿ ಇದೊಂದ, ಅಂತಾನ ಶಂಶೀರ,
ತನ್ನ ಮಿರ್ಚಿಯ ತೊಟ್ಟು ಕಡೀತಾ.

ಕೈ ಮೂರು ಸಲ ತೊಳಕೋತೀನಿ. ಉಗುರಿನ ನೀಲಿ ಹೋಗಂಗಿಲ್ಲ.
ಚಮಚದಾಗ ಕಲಿಸಿ ಇಟ್ಟರ ಮುಟ್ಟಂಗಿಲ್ಲ ಅದು,
ತಾಟಿಗೆ ಒಂದು ಸುತ್ತು ಹಾಕಿ
ನನ್ನ ಬೆರಳಿನ ಕಡೆ ನೋಡತೈತಿ.

ಶುಕ್ರವಾರ ಮಧ್ಯಾಹ್ನ ನಮಾಜಿಗೆ ಅರ್ಧ ಮಿಷಿನ್ನು ನಿಂತಾಗ
ಕೊರಳಿನ ಟೇಪು ತಗೀತೀನಿ.
ಕುತ್ತಿಗಿ ಏಳಿಂಚು.
ಏಳೂ ಮುಕ್ಕಾಲು.
ಒಂಬತ್ತು.
ರಿಜೆಕ್ಟ್ ಆದ ಇಪ್ಪತ್ತೆಂಟರ ಸೊಂಟಪಟ್ಟಿ ಕತ್ತರಿಸಿ ಬೆಲ್ಟು ಮಾಡೀನಿ,
ವಾರವಾರ ಗುಂಡಿ ಬಿಚ್ಚಿ ಅರ್ಧ ಇಂಚು ಆಚೆ ಹಚ್ಚತೀನಿ,
ಗುಂಡಿಗೆ ಗುಂಡಿ.

ಇಪ್ಪತ್ತೆರಡು ವರ್ಷ ಸೊಂಟ ಹೊಲದೀನಿ ನಾನು.
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು.
ಗಂಟು ಕಟ್ಟಿ ಲಾರಿಗೆ ಒಗೆದರ ಮುಗೀತು,
ಯಾರ ಸೊಂಟ, ಯಾವ ಊರು, ಉಂಡಿತ್ತೋ ಇಲ್ಲೋ.
ನನ್ನ ಅಳತಿಯೊಳಗ ಯಾವುದೂ
ಇಲ್ಲೀತನಕ ಬೆಳದದ್ದಿಲ್ಲ.

ನಡುವ ಒಂದಿನ ಸೇಟಿನ ಮಗಳು ಬಂದಳು,
ಕೈಯಾಗ ಬೆಳ್ಳಿ ಬಣ್ಣದ ಚೀಟಿ, ಹರದರ ರಸದಾಗ ಮಾಂಸದ ತುಣುಕು.
ನಲವತ್ತೈದು ರೂಪಾಯಿ! ನನ್ನ ಒಗ್ಗಾಣಿ-ಮಿರ್ಚಿ ಮೂವತ್ತೈದು.
ಮಾಬಮ್ಮ ಮೂಸಿ ನೋಡಿ,
ನನ್ನ ಮದುವ್ಯಾಗೂ ಇಷ್ಟು ಘಮ ಇರಲಿಲ್ಲ ಅಂದಳು.
ಗುಂಡಿ ಅದನ್ನ ತಿಂದು, ತಾಟು ನೆಕ್ಕಿ,
ಖಾಲಿ ಚೀಟಿ ಬಾಯಾಗ ಕಚಕೊಂಡು
ಹನ್ನೆರಡೂ ಮಿಷಿನ್ನಿಗೆ ತೋರಿಸಿ ಬಂತು.
ಮರುದಿನ ನನ್ನ ಅನ್ನದ ಮುಂದ ಕೂತು
ತಪ್ಪು ಹೊಲದ ಪ್ಯಾಂಟು ನೋಡೋ ಸೇಟಿನಂಗ ನೋಡಿತು.
ನಾನೂ ಸುಮ್ಮನಿದ್ದೆ.
ಮೂರು ಗಂಟೆಗೆ ಬಂತು, ತಲಿ ತಗ್ಗಿಸಿ ಉಂಡಿತು.

ಹೋದ ವಾರ ತಾಟು ತೊಳೆಯಾಕ ಹೋದರ
ಅಂಚಿಗೆ ಒಂದು ಅಗಳು.
ಬೆರಳಿಲೆ ಉಜ್ಜಿದೆ, ಗಟ್ಟಿ ಇತ್ತು.
ಅಗಳಲ್ಲ, ಹಾಲುಹಲ್ಲು.
ಯಾರಿಗೂ ಹೇಳಲಿಲ್ಲ. ಹಿತ್ತಾಳಿ ರಿವೆಟ್ಟಿನ ಡಬ್ಬ್ಯಾಗ ಹಾಕಿಟ್ಟೆ.

ಈಗ ಶಂಶೀರನ ಬುತ್ತಿ ಕದ್ದು
ಒಣ ಜೋಳದ ರೊಟ್ಟಿ ಕಟಕಟ ಕಡೀತೈತಿ,
ಆ ಸದ್ದಿಗೆ ಸೂಜಿ ಮುರೀತೇನೋ ಅಂತ
ನಾವೆಲ್ಲ ಮಿಷಿನ್ನು ನಿಲ್ಲಸತೀವಿ.
ಕಾಲಿನ ನೀಲಿ ಹೋಗಿ ಹೊಸ ಕೂದಲು ಬಂದೈತಿ.

ಆದರೂ ನಾಕು ಗಂಟೆಗೆ ಬರತೈತಿ.
ಹಲ್ಲು ಬಂದಾವಲ್ಲೋ, ಇನ್ನೇನು ಮೆತ್ತಗಿಂದು ನಿನಗ, ಅಂತೀನಿ,
ಅನ್ಕೋತನ ಕಲಸತೀನಿ.
ಪಟ್ಟ್ಯಾಗ ಇನ್ನ ಎರಡ ಇಂಚು ಉಳದೈತಿ.
ಮೂವತ್ತರದೊಂದು ರಿಜೆಕ್ಟ್ ಬಂದರ ತಗದಿಡು ಅಂತ
ಮಾಬಮ್ಮಗ ಹೇಳೀನಿ.