ಕುಣಿಯುವ ಚುಕ್ಕಿ

ಬಾಗಲಕೋಟೆಯ ನವನಗರ.
ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ನಮ್ಮ ಲ್ಯಾಬು.
ಕರೆಂಟು ಬಂದ ಕೂಡಲೇ ಕಣ್ಣು ಇಡುತ್ತೇನೆ
ರಾಜೇಸಾಬ ಬಾಗವಾನರ ಹೊಟ್ಟೆಯ ಮೇಲೆ.
ಅಕ್ಕಿನುಚ್ಚಿನಷ್ಟು ಚೂರು,
ದುರ್ಬೀನಿನ ನಳಿಗೆ ಇಳಿಸಿ ಕಿತ್ತು ತಂದದ್ದು,
ಮೂರು ದಿನ ತಟ್ಟೆಯಲ್ಲಿ ಬೆಳೆಸಿದ್ದು.

ಇದು ಮೂರನೆಯ ಸಲ.
ಎರಡು ಸಲ ಹದಿನಾಲ್ಕು ದಿನದ ಗುಳಿಗೆ ನುಂಗಿದ್ದಾರೆ,
ಬಾಯಿ ಕಬ್ಬಿಣ ನೆಕ್ಕಿದ ಹಾಗಾಗುತ್ತಿತ್ತಂತೆ.
ಎರಡು ಸಲ ನಾನೇ ಬರೆದೆ: ‘ಕಂಡುಬಂದಿಲ್ಲ.’
ಎರಡು ಸಲವೂ ಆರು ತಿಂಗಳಿಗೆ ಸುಳ್ಳಾದೆ.

ಹುಡುಕುತ್ತಿದ್ದದ್ದು ಬಾಗಿದ ಬ್ಯಾಕ್ಟೀರಿಯಾ,
ಅಲ್ಪವಿರಾಮದಂಥದು.
ಕಂಡದ್ದು ಯೀಸ್ಟು:
ದುಂಡಗೆ, ಮೈಮೇಲೆ ಮೊಗ್ಗು ಹೊತ್ತು, ಸೋಮಾರಿ.
ಮುಂಜಾನೆ ಅವ್ವ ಕೊಟ್ಟ ಹುಳಿ ಅಂಬಲಿಯಲ್ಲೂ
ಇಂಥದೇ ಬೂಷ್ಟು, ಇಂಥದೇ ಬ್ಯಾಕ್ಟೀರಿಯಾ,
ಗಡಿಗೆಯಲ್ಲಿ ಕೂಡಿದರೆ ತಂಪು.
ಇಲ್ಲಿ ಆ ಬೂಷ್ಟಿನ ಒಡಲಲ್ಲೊಂದು ನೀರಗುಳ್ಳೆ,
ಗುಳ್ಳೆಯೊಳಗೆ ಕರಿ ಚುಕ್ಕಿ,
ಕುಣಿಯುತ್ತಿದೆ.

ಗೋಡೆಗೆ ಹಾಯುತ್ತದೆ, ತಿರುಗುತ್ತದೆ, ಮತ್ತೆ ಹಾಯುತ್ತದೆ.

ಡಾಕ್ಟರ್ ಪಟ್ಟಣಶೆಟ್ಟಿ ಬಗ್ಗಿ ನೋಡಿದರು,
ಚಹಾ ಆರಿ ಕೆನೆ ಕಟ್ಟುವ ತನಕ.
‘ಕುಣಿಯೂದೆಲ್ಲಾ ಜೀವ ಅಲ್ಲವಾ,
ನೀರಾಗ ಧೂಳೂ ಕುಣೀತೈತಿ.’
ಕನ್ನಡಕ ಒರೆಸಿಕೊಂಡು, ದನಿ ಇಳಿಸಿ:
‘ಇದ್ದರೂ ಇರಬಹುದು. ಹಂಗ ಅನ್ನೋವ್ರು ಅದಾರ.
ಆಮ್ಲ ಏರಿದಾಗ, ಗುಳಿಗಿ ಬಂದಾಗ
ಬೂಷ್ಟಿನ ಒಳಗ ಹೊಕ್ಕು ಕುಂದರ್ತಾವಂತ.
ರಿಪೋರ್ಟಿನ್ಯಾಗ ಬರೀಬ್ಯಾಡ.’

ಬರೆಯಲಿಲ್ಲ.
ಹೇಳಿದೆ.

ರಾಜೇಸಾಬರು ಬೆಂಚಿನ ಮೇಲೆ,
ಮುಷ್ಟಿ ಕಟ್ಟಿ ಎದೆಗೂಡಿನ ಕೆಳಗೆ ಒತ್ತಿ ಹಿಡಿದು ಕೇಳಿದರು.
ನಗಲಿಲ್ಲ.
‘ದಾಳಿಂಬರಿ ಹಂಗ ಅಲ್ರೀ ಬಾಯಾರ?
ಮ್ಯಾಲ ಕೆಂಪಗ, ಛಂದ.
ಹುಳ ಸೂಜಿ ಮೊನಿಯಷ್ಟು ತೂತು ಹಾಕಿರ್ತೈತಿ,
ತೂತಿನಾಗ ಬೂಷ್ಟು, ಬೂಷ್ಟಿನ ಬೆನ್ನಿಗೆ ಕೊಳಿ.
ಕೊಯ್ದ ಗಿರಾಕಿ ವಾಪಸ್ ಬಂದು ಕೇಳ್ತಾನ,
ಯಾವುದು ಕೆಡಿಸ್ತು ಅಂತ.
ನಲವತ್ತು ವರ್ಷ ಗಾಡಿ ನೂಕೀನಿ,
ರೊಕ್ಕ ತಿರುಗಿ ಕೊಟ್ಟೀನಿ, ಉತ್ತರ ಕೊಟ್ಟಿಲ್ಲ.’

ಕೆಳಗೆ ಜೆರಾಕ್ಸ್ ಮಷೀನು ಒಮ್ಮೆ ಕೆಮ್ಮಿತು.

‘ಹಿನ್ನೀರು ಬಂದಾಗ ನಮ್ಮ ಓಣಿ ಮುಳುಗಿತ್ರೀ.
ಮಾಮಾನ ಮನಿ ಎತ್ತರದಾಗ ಇತ್ತು.
ಹನ್ನೊಂದು ತಿಂಗಳು ಅವರ ಅಡಗಿಮನ್ಯಾಗ, ಎಂಟು ಮಂದಿ.
ಯಾವಾಗ ಹೋಗ್ತೀರಿ ಅಂತ ಮಾಮಿ ಒಂದು ದಿನಾ ಕೇಳಲಿಲ್ಲ.
ಕೇಳಬೇಕಿತ್ತೇನೋ.
ನಾವು ಇದ್ದಾಗನ ಆ ಮನಿ ಗ್ವಾಡಿ ಸೀಳಿತು.’

ಆಮೇಲೆ ತಮ್ಮ ಹೊಟ್ಟೆಯನ್ನು ಅಂಗೈಯಿಂದ ಸವರಿಕೊಂಡರು,
ಯಾರದೋ ಕೂಸಿನ ತಲೆ ಸವರಿದ ಹಾಗೆ.
‘ಹಂಗಾದ್ರ ಈ ಸಲ ಇಬ್ಬರಿಗೂ ಔಷಧ ಕೊಡ್ರಿ.’

ಹೋಗುವಾಗ ಮೇಜಿನ ಮೇಲೆ ಒಂದು ಹಣ್ಣು ಇಟ್ಟರು.
ಕೊಯ್ದಿಲ್ಲ ಇನ್ನೂ.

ರಿಪೋರ್ಟಿನಲ್ಲಿ ಒಂದೇ ಸಾಲು: ‘ಯೀಸ್ಟ್ ಇದೆ.’
ಅದರ ಒಳಗೆ ಯಾರಿದ್ದಾರೆ ಎಂದು ಕೇಳುವ ಕಾಲಂ
ನಮ್ಮ ಫಾರ್ಮಿನಲ್ಲಿ ಇಲ್ಲ.