ಐದನೆಯ ಡಬ್ಬಿ

ತೀನ್ ಕಂದೀಲ್ ಹತ್ತಿರ ನಮ್ಮ ಅತ್ತಾರಿ ಅಂಗಡಿಗೆ
ಯರಮರಸ್ ಬಾಯ್ಲರಿನ ಚೀನಿ ಇಂಜಿನಿಯರ್ ಬಂದ,
ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ತೊಟ್ಟು, ನಡುಗುತ್ತ.
ಚೀಟಿಯಲ್ಲಿ ಐದು ಸಾಲು,
ಕಡ್ಡಿಪೆಟ್ಟಿಗೆ ಚೆಲ್ಲಿದ ಹಾಗೆ.

ಮಹಬೂಬ್‌ಬಿ ಫೂಫಿ ತಿರುಗಿಸಿದಳು, ಮತ್ತೆ ತಿರುಗಿಸಿದಳು.
"ಮೂಗಿಗೆ ಓದಾಕ ಬರತೈತಲ್ಲ"
ಅಂದು ಒಂದೊಂದೇ ಮುಚ್ಚಳ ತೆಗೆದಳು.

ಚಕ್ಕೆ ಮೂಸಿದ, ತಲೆಯಾಡಿಸಿದ.
ದಾಲ್ಚಿನ್ನಿ ಅಂತೀವಿ ನಾವು, ಚೀನದ ಕಟ್ಟಿಗೆ;
ಇವನಿಗಿಂತ ಎಷ್ಟೋ ತಲೆಮಾರು ಮೊದಲೇ ಬಂದು
ಇಲ್ಲೇ ಉಳಿದದ್ದು.
ಶುಂಠಿ.
ಜ್ಯೇಷ್ಠಮಧುವಿನ ತುಂಡೊಂದನ್ನು ಅಗಿಯುತ್ತಲೇ ನಿಂತ.
ಒಣಗಿದ ಉನ್ನಾಬಿನ ಕೆಂಪು ಕಂಡು
ಮೊದಲ ಸಲ ನಕ್ಕ.

ಐದನೆಯದು ಯಾವುದೋ ಬಿಳಿ ಬೇರು.
ಬೆರಳೆಲ್ಲ ಬಿಚ್ಚಿ ಅದರ ಹೂವು ತೋರಿಸಿದ, ದೊಡ್ಡದು.
ನಮ್ಮಲ್ಲಿರಲಿಲ್ಲ.

ಕುದಿಸಿ ಕುಡಿದು, ಮೇಲೆ ಬಿಸಿ ಗಂಜಿ,
ಆಮೇಲೆ ಕಂಬಳಿ ಹೊದ್ದು ಬೆವರಬೇಕಂತೆ:
ಇಷ್ಟನ್ನೂ ಕೈಯಲ್ಲೇ ಹೇಳಿದ.
"ರಾಯಚೂರಾಗ ಬೆವರಾಕ ಕಂಬಳಿ ಯಾಕಪ!"
ನಕ್ಕು ನಕ್ಕು ಫೂಫಿಗೂ ಕೆಮ್ಮು ಬಂತು.

ನಾಲ್ಕು ಪುಡಿಕೆ, ಜೊತೆಗೆ
ಗಂಜಿಗೆಂದು ಒಂದು ಸೇರು ಜೋಳದ ನುಚ್ಚು.
ಚೀಟಿ ಇಲ್ಲೇ ಮರೆತು ಹೋದ.

ಖಾಲಿ ಡಬ್ಬಿಯೊಂದಕ್ಕೆ ಅಂಟಿಸಿದ್ದೇವೆ ಅದನ್ನ.
ಒಳಗೇನೂ ಇಲ್ಲ.
ಗಿರಾಕಿಗಳು ಮುಚ್ಚಳ ತೆಗೆದು ಮೂಸುತ್ತಾರೆ.