ಬೀಜದ ಲೆಕ್ಕ

ರಾತ್ರಿ ಹತ್ತಕ್ಕೂ ಮೂವತ್ತೆಂಟು ಡಿಗ್ರಿ.
ಗಾಳಿಯೆಂದರೆ ಯಾರೋ ಒರೆಸಲೆಂದು
ಕನ್ನಡಕಕ್ಕೆ ಹಾ ಎಂದು ಊದಿದ ಹಾಗೆ.
ದೋಹಾದ ಈ ಇಗರ್ಜಿಗೆ ಹೊರಗೆ ಶಿಲುಬೆಯಿಲ್ಲ, ಗಂಟೆಯಿಲ್ಲ.
ಗೇಟಿನಲ್ಲಿ ಬ್ಯಾಗು ತೋರಿಸಿ ಒಳಬಂದವರು
ಇನ್ನೂರ ಹನ್ನೊಂದು ಮಕ್ಕಳು,
ಬೇಸಿಗೆ ಹಬ್ಬದ ಹಳದಿ ಅಂಗಿ ತೊಟ್ಟು.

ಯಾತ್ರೆಗೆ ರಸ್ತೆಯಿಲ್ಲ. ಇರುವುದು ಕಾರು ನಿಲ್ಲಿಸುವ ಅಂಗಳ.
ಗೋಡೆಗುಂಟ ಒಂದು ಸುತ್ತಿಗೆ ಮುನ್ನೂರು ಮೀಟರು.
ಮೂವತ್ತಮೂರು ಸುತ್ತು, ಅಂದರು ಫಾದರ್ ಬೊನಿಫಾಸ್,
ಹತ್ತು ಕಿಲೋಮೀಟರಿಗೆ ನೂರು ಮೀಟರು ಕಡಿಮೆ,
ಅಷ್ಟನ್ನು ದೇವರು ಮನ್ನಿಸಲಿ.

ನನಗೆ ನೀರಿನ ಮೇಜು, ವಯಸ್ಸು ದಾಟಿದವನ ಪಾಲು.
ಹಗಲು ಏಸಿ ರಿಪೇರಿ; ತಂಪು ಮಾಡುವುದೇ ನನ್ನ ಅನ್ನ.
ಇಲ್ಲಿ ಸುತ್ತಿಗೊಂದು ಖರ್ಜೂರದ ಬೀಜ
ಸ್ಟೀಲಿನ ಬೋಗುಣಿಗೆ ಹಾಕಬೇಕು.
ಟಣ್.
ಗಂಟೆಯಿಲ್ಲದ ಇಗರ್ಜಿಗೆ ಅಷ್ಟೇ ಗಂಟೆ.

ಮುಂದೆ ಮರದ ಶಿಲುಬೆ. ಇಲೊಯ್ಲೋದ ಶಾಯ್ರಾ,
ತ್ರಿಶೂರಿನ ಜಿಬಿನ್, ಬೈರೂತಿನ ಅಣ್ಣತಮ್ಮಂದಿರು
ಹೆಗಲು ಬದಲಿಸುತ್ತಾರೆ, ಹೆಗಲಿಗೊಂದು ಭಾಷೆ.
ಟಗಾಲೊಗಿನಲ್ಲಿ ಹೊರಟ ನಮೋ ಮರಿಯ
ದೀಪದ ಕಂಬದ ಹತ್ತಿರ ಮಲಯಾಳವಾಗಿ
ಕಸದ ಡಬ್ಬಿ ದಾಟುವಷ್ಟರಲ್ಲಿ
ಕೊಂಕಣಿಯಲ್ಲಿ ಆಮೆನ್.

ಶಿರ್ವದ ಜೊವಿಟಾಳ ಮಗಳು ಅನೆಲಿಯಾ, ಇಲ್ಲೇ ಹುಟ್ಟಿದವಳು,
ಹದಿಮೂರನೆಯ ಸುತ್ತಿಗೆ ಚಪ್ಪಲಿ ಬಿಚ್ಚಿ
ನನ್ನ ಮೇಜಿನಡಿ ತಳ್ಳಿದಳು.
"ಅಂಕಲ್, ನೆಲ ಇನ್ನೂ ಬಿಸಿ ಇದೆ."
ಇರುತ್ತದೆ ಮಗಳೇ. ಹಗಲು ಅಷ್ಟು ಬೇಗ ಬಿಡುವುದಿಲ್ಲ.
"ಪರವಾಗಿಲ್ಲ. ಈ ಊರಿನ ನೆಲ
ಕಾಲಿಗೆ ತಾಗಿದ್ದು ಇದೇ ಮೊದಲು."
ಹದಿನೇಳು ವರ್ಷ. ಲಿಫ್ಟು, ಕಾರು, ಶಾಲೆ, ಮಾಲು.
ನಾನೇನೂ ಅನ್ನಲಿಲ್ಲ.
ಇನ್ನೊಂದು ಬಾಟಲಿಯ ಮುಚ್ಚಳ ತಿರುಗಿಸಿದೆ.

ಇಪ್ಪತ್ತರಾಚೆ ಎಲ್ಲೋ ಲೆಕ್ಕ ಕೆಟ್ಟಿತು.
ಬೈರೂತಿನ ಕಿರಿಯವ ಹಸಿವಿಗೆ ಖರ್ಜೂರ ತಿಂದು,
ಮನೆಯಲ್ಲಿ ಚೆನ್ನಾಗಿ ಬೆಳೆಸಿದ ಹುಡುಗ, ನೆಲಕ್ಕೆ ಉಗುಳದೆ
ಬೀಜವನ್ನೆಲ್ಲ ನನ್ನ ಬೋಗುಣಿಗೇ ಹಾಕಿದ್ದ.
ಎಣಿಸಿದರೆ ನಲವತ್ತೇಳು!
ಇಪ್ಪತ್ತಾರು ಅಂದರು ಕೆಲವರು, ಜಿಬಿನ್ ಇಪ್ಪತ್ತೊಂಬತ್ತು.
ಶಾಯ್ರಾಳ ಫೋನು ಹನ್ನೊಂದು ಸಾವಿರ ಹೆಜ್ಜೆ ಅಂದಿತು.
ಫಾದರ್ ಬೋಗುಣಿ ನೋಡಿದರು, ನನ್ನನ್ನು ನೋಡಿದರು.
"ಸರಿ, ಹಾಗಾದರೆ ಸುಸ್ತಾಗುವ ತನಕ."

ಸುಸ್ತೆಲ್ಲಿ ಅವಕ್ಕೆ.
ಮೂರೂಕಾಲಿಗೆ ಗೋಡೆಯಾಚೆ ಬಾಂಗು ಕೇಳಿದಾಗ
ಹಾಡು ತಾನಾಗಿ ಸಣ್ಣಗಾಯಿತು,
ಕಾಲುಗಳು ನಿಲ್ಲಲಿಲ್ಲ.
ಡಾಂಬರಿನ ಮೇಲೆ ಬರಿಗಾಲಿನ ಸದ್ದು ಎರಡಲ್ಲ, ಈಗ ನೂರು;
ಯಾರು ಯಾವಾಗ ಬಿಚ್ಚಿದರೋ ನಾನು ಕಾಣೆ.

ಇವತ್ತು ಸಂಜೆ ನಜ್ಮಾದ ಒಂದು ತಾರಸಿಯಲ್ಲಿ
ಸ್ಕ್ರೂ ಹುಡುಕಲು ಜೇಬಿಗೆ ಕೈಹಾಕಿದರೆ ಬೀಜ ಬಂತು.
ಸುತ್ತಿನದ್ದೋ, ಆ ಹುಡುಗನ ಹಸಿವಿನದ್ದೋ.
ಕಂಪ್ರೆಸರಿನ ತಗಡಿನ ಮೇಲಿಟ್ಟೆ, ನಡುಗುತ್ತ ಕೂತಿತು.

ಅನೆಲಿಯಾಳ ಚಪ್ಪಲಿ ಇನ್ನೂ ನನ್ನ ವ್ಯಾನಿನಲ್ಲಿದೆ.
ಬರಿಗಾಲಲ್ಲೇ ಮನೆಗೆ ಹೋಗಿದ್ದಾಳೆ.
ಜೊವಿಟಾಗೆ ಒಂದು ಫೋನು ಮಾಡಬೇಕು.